ಸೀಲಿನ ಒಳಗೆ ಉಳಿದ ಖಣ

ಸೀಲು ಕೂತ ಸದ್ದು ಪಂಚಶೀಲಾಳಿಗೆ ಎಂದೂ ಒಂದೇ ಸಲಕ್ಕೆ ಸಾಕಾಗುತ್ತಿರಲಿಲ್ಲ. ಕಿರುಬೆರಳು ಗಾತ್ರದ ಉಕ್ಕಿನ ಮೊಳೆಯನ್ನು ಕಂಟೇನರಿನ ಬಾಗಿಲ ಕೊಂಡಿಯ ತೂತಿನಲ್ಲಿ ಇಳಿಸಿ, ಕೆಳಗಿನಿಂದ ಅದರ ಟೊಪ್ಪಿಗೆಯನ್ನು ಒತ್ತಿದರೆ ಟಕ್ ಎನ್ನುತ್ತದೆ. ಅಲ್ಲಿಗೆ ಮುಗಿಯಿತು, ಇನ್ನು ಕಟರ್ ಹಾಕಿ ಕತ್ತರಿಸಿದರೆ ಮಾತ್ರ ಬಿಡುವುದು. ಆದರೂ ಅವಳು ಎಳೆದು ನೋಡುತ್ತಾಳೆ, ತಿರುವಿ ನೋಡುತ್ತಾಳೆ, ಆಫೀಸಿನ ಕಡೆ ಹೊರಟವಳು ಮರಳಿ ಬಂದು ಮತ್ತೊಮ್ಮೆ ಎಳೆಯುತ್ತಾಳೆ. ಹಮಾಲರು ನಗುವುದು ಬೆನ್ನಿಗೆ ತಿಳಿಯುತ್ತದೆ. ಮನೆಯ ಕೀಲಿಯನ್ನೂ ಹೀಗೆಯೇ ಜಗ್ಗುತ್ತಾಳೆ. ವಡಗೇರಾದ ಸಾಲೆಯಲ್ಲಿ ಮಾಸ್ತರನಾಗಿರುವ ಗಂಡ ದೇವಿಂದ್ರ ಮೋಟರ್‌ಸೈಕಲ್ ಶುರು ಮಾಡಿಕೊಂಡು ಓಣಿಯ ತುದಿಯಿಂದ, “ಒಂದಿನ ಆ ಕೀಲಿ ಬ್ಯಾಸತ್ತು ತಾನ ಬಿಡತದ ನೋಡು” ಎನ್ನುತ್ತಾನೆ. ನಗಿಸಲೆಂದು ಅನ್ನುವುದು, ಅವಳಿಗೆ ಗೊತ್ತು. ಆದರೂ ದಾರಿಯುದ್ದಕ್ಕೂ ಅದೇ ಮಾತನ್ನು ತಿರುತಿರುಗಿಸಿ ನೋಡುತ್ತಾಳೆ, ಅದರೊಳಗೆ ಬೇರೇನಾದರೂ ಇದೆಯೋ ಎಂದು. ಶಹಾಪುರದ ಹೊರಗಿನ ಈ ಹತ್ತಿ ಮಿಲ್ಲಿನಲ್ಲಿ ಅವಳಿಗೆ ಸಂಬಳ ಕೊಡುವುದೇ ಅನುಮಾನ ಪಡುವುದಕ್ಕೆ. ಖಾಲಿ ಕಂಟೇನರು ಬಂದರೆ ಅದರ ಗೋಡೆ, ನೆಲ, ಮಾಡುಗಳನ್ನು ಕಟ್ಟಿಗೆಯ ಸುತ್ತಿಗೆಯಿಂದ ತಟ್ಟಿ, ಹಿಂದೆ ಕಳ್ಳಗೋಡೆ ಏನಾದರೂ ಇದೆಯೋ ಎಂದು ಸದ್ದು ಕೇಳುವುದು. ಸಂತೆಯಲ್ಲಿ ಅವ್ವ ಗಡಿಗೆಯನ್ನು ಬೆರಳಿನಿಂದ ಬಡಿದು ಕಿವಿಗೊಟ್ಟು ಕೇಳುತ್ತಿದ್ದಳಲ್ಲ, ಹಾಗೆ. ಹತ್ತಿ ಒತ್ತಿ ಕಟ್ಟಿದ ಬೇಲುಗಳನ್ನು ತುಂಬುವವರೆಗೆ ನಿಂತು ನೋಡುವುದು, ಫೋಟೋ ತೆಗೆಯುವುದು, ಸೀಲು ಹಾಕುವುದು, ಸೀಲಿನ ನಂಬರನ್ನು ಕಸ್ಟಮ್ಸಿನವರ ಜಾಲತಾಣಕ್ಕೆ ಏರಿಸುವುದು. ಏರಿಸಿದ ಮೇಲೆ ಆ ಪೆಟ್ಟಿಗೆ ಮಿಲ್ಲಿನದಲ್ಲ. ಸಮುದ್ರದಾಚೆ ಯಾವುದೋ ನೂಲಿನ ಗಿರಣಿಯ ಮುಂದೆ ಯಾರೋ ಕಟರ್ ಹಿಡಿದು ಬರುವವರೆಗೆ ಅದರೊಳಗೆ ಹತ್ತಿಯ ಜೊತೆ ಅವಳ ಮಾತೊಂದು ಹೋಗುತ್ತದೆ: ಇದರಲ್ಲಿ ಹತ್ತಿ ಬಿಟ್ಟು ಬೇರೇನೂ ಇಲ್ಲ.

ಇವತ್ತೂ ಸೀಲು ಜಗ್ಗಿ ನೋಡಿ, ಆಫೀಸಿನ ಖೋಲಿಗೆ ಬಂದು, ಫೋನಿನಲ್ಲಿ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತ ಕೂತಿದ್ದಳು. ಕಿಟಕಿಯಾಚೆ, ಗಾಡಿ ತೂಗುವ ಕಾಟಾದ ಪಕ್ಕದಲ್ಲಿ ನೀಲಿ ಕಂಟೇನರು ಹೊತ್ತ ಗಾಡಿ ನಿಂತಿತ್ತು. ಅದರ ಹಿಂದೆ ಬೆಟ್ಟ, ಬುದ್ಧ ಮಲಗಿದ ಹಾಗೆ. ಗಾಡಿ ನಿಂತಾಗಲೆಲ್ಲ ಬೆಟ್ಟದ ಎದೆ ಮುಚ್ಚಿ ಮುಖವಷ್ಟೇ ಉಳಿಯುತ್ತದೆ, ಹೊದ್ದು ಮಲಗಿದವರ ಮುಖದಂತೆ. ಅಪ್ಪ ಅಂಬ್ರಪ್ಪ ಈ ಹಾದಿಯಲ್ಲಿ ಬಸ್ಸಿನಲ್ಲಿ ಬಂದಾಗಲೆಲ್ಲ ಕಿಟಕಿಯಿಂದಲೇ ಬೆಟ್ಟಕ್ಕೆ ಕೈ ಮುಗಿಯುತ್ತಿದ್ದ. ಅವಳು ಮಾತ್ರ ಪಕ್ಕದ ಸೀಟಿನವರು ನೋಡುತ್ತಿದ್ದಾರೋ ಎಂದು ನೋಡುತ್ತಿದ್ದಳು. ಖಾಲಿ ಕಂಟೇನರಿನ ಫೋಟೋ. ಅರ್ಧ ತುಂಬಿದ್ದು. ಪೂರ್ತಿ ತುಂಬಿ, ಒಂದು ಬಾಗಿಲು ಮುಚ್ಚಿ ಇನ್ನೊಂದನ್ನು ತೆರೆದಿಟ್ಟು ತೆಗೆದದ್ದು. ಇಲ್ಲಿ ಅವಳ ಬೆರಳು ನಿಂತಿತು. ಕೊನೆಯ ಸಾಲಿನ ಬೇಲುಗಳ ಮೇಲೆ, ಬೇಲುಗಳಿಗೂ ಮಾಡಿಗೂ ನಡುವಿನ ಗೇಣಗಲದ ಕತ್ತಲೆಯಲ್ಲಿ, ಒಂದು ಹಸಿರು. ಎರಡು ಬೆರಳಿನಿಂದ ಹಿಗ್ಗಿಸಿದಳು. ಕೆಂಪು ದಡಿಯ ಹಸಿರು ಖಣ, ಕುಬುಸದ ಬಟ್ಟೆ, ಗಂಟು ಕಟ್ಟಿದ್ದು. ಗಂಟಿನ ಬಾಯಲ್ಲಿ ಕೊಬ್ಬರಿ ಬಟ್ಟಲಿನ ಅಂಚು ಕಂಡಿತು. ಅಥವಾ ಇರಬೇಕೆಂದು ಗೊತ್ತಿದ್ದರಿಂದ ಕಂಡಿತು. ಗಂಡನ ಮನೆಗೆ ಹೊರಟ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣದ ಬೇರು ಹಾಕಿ ಕಳಿಸುವ ಉಡಿ. ಯಾರು ಇಟ್ಟರೆಂದು ಯಾರನ್ನೂ ಕೇಳಬೇಕಿರಲಿಲ್ಲ.

ಮಲ್ಲಾಬಾಯಿ ಕಂಟೇನರುಗಳ ಒಳಗೆ ಕಸ ಹೊಡೆಯುವವಳು. ಹಿಂದಿನ ಸಲ ಬಾಗಿಲ ಕೊಂಡಿಗೆ ಒಂದು ಚೆಂಡುಹೂ ಸಿಗಿಸಿ ಕಳಿಸಿದ್ದಳು, ಚಂದ ಕಾಣಲೆಂದು. ಬಂದರಿನಲ್ಲಿ ಅದನ್ನು ಕಳ್ಳಸಾಗಣೆಯವರ ಗುರುತೆಂದು ತಿಳಿದು, ಪೆಟ್ಟಿಗೆಯನ್ನು ಬದಿಗೆ ಇಳಿಸಿ, ಬೇಲುಗಳನ್ನೆಲ್ಲ ಹೊರಗೆ ಎಳೆಸಿ ನೋಡಿದರು, ಹಡಗು ತಪ್ಪಿತು. ಸೂಪರ್‌ವೈಜರ್ ಹಣಮಂತ್ರಾಯ ಅಂಗಳದ ನಡುವೆ ನಿಂತು, ಎಲ್ಲರೂ ಕೇಳಲೆಂದು, “ಇನ್ನೊಮ್ಮೆ ಹೂವು ಪೂಜಿ ಅಂದ್ರ ಗೇಟಿನ ಹೊರಗ ನಿಂತ್ ಮಾಡಬೇಕು ನೀ, ತಿಳೀತಾ?” ಎಂದಿದ್ದ. ಮಲ್ಲಾಬಾಯಿ ಪೊರಕೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ, “ತಿಳೀತ್ರಿ” ಎಂದಿದ್ದಳು. ಈಗ ಇದು. ಕೊಬ್ಬರಿಗೆ ಹುಳ ಬೀಳುತ್ತದೆ, ಹುಳ ಹತ್ತಿಗೆ ಇಳಿಯುತ್ತದೆ. ಅಥವಾ ಅಷ್ಟು ದೂರವೂ ಹೋಗದೆ, ಪೆಟ್ಟಿಗೆಯ ಹೊಟ್ಟೆಯೊಳಗನ್ನು ತೋರಿಸುವ ಬಂದರಿನ ಯಂತ್ರದಲ್ಲಿ ಬೇಲುಗಳ ಮೇಲೊಂದು ಕಪ್ಪು ಗಂಟಾಗಿ ಕಾಣುತ್ತದೆ. ಯಾರು ಇಟ್ಟರು, ಯಾರು ನೋಡಿಕೊಳ್ಳಬೇಕಿತ್ತು ಎಂಬ ವಿಚಾರಣೆ ಏಳುತ್ತದೆ. ಹೇಳಿದರೆ ಮಲ್ಲಾಬಾಯಿ ಇವತ್ತು ಸಂಜೆಗೇ ಗೇಟಿನ ಹೊರಗೆ. ಹೇಳದೆ ನಂಬರು ಏರಿಸಿದರೆ ತನ್ನ ಮಾತು ಸುಳ್ಳಾಗಿ ಸಮುದ್ರದ ಮೇಲೆ ತಿಂಗಳುಗಟ್ಟಲೆ ತೇಲುತ್ತದೆ. ರಾತ್ರಿ ಎದ್ದು ಕೂತರೆ ಜಗ್ಗಿ ನೋಡಲು ಕೈಗೆ ಸಿಗುವುದಿಲ್ಲ. ಫೋನನ್ನು ಬೋರಲು ಹಾಕಿದಳು. ಗೊತ್ತಿರಲಿಲ್ಲ ಎಂದು ಅಂದುಕೊಳ್ಳಲು ನೋಡಿದಳು. ಗೊತ್ತಿತ್ತು.

ಬೆಳಿಗ್ಗೆ ಕಂಟೇನರಿನ ಕತ್ತಲೆಯಲ್ಲಿ ಮಲ್ಲಾಬಾಯಿ ಹೇಳಿಯೇ ಇದ್ದಳು. ಖಾಲಿ ಕಂಟೇನರಿನ ಒಳಗೆ ನಿಂತು, ಹೊರಗಿನಿಂದ ಬಾಗಿಲು ಮುಚ್ಚಿಸಿಕೊಂಡು, ಎಲ್ಲಾದರೂ ತೂತಿನಿಂದ ಬೆಳಕು ಬರುತ್ತದೋ ಎಂದು ನೋಡುವುದೂ ಪಂಚಶೀಲಾಳ ಕೆಲಸವೇ. ಮೊದಲ ಸಲ ಬಾಗಿಲು ಮುಚ್ಚಿದಾಗ ಅವಳು ಉಸಿರು ಸಿಗದೆ ಒಳಗಿನಿಂದ ಎರಡೂ ಕೈಯಲ್ಲಿ ಬಾಗಿಲು ಬಡಿದಿದ್ದಳು. ಹೊರಗೆ ಯಾರೋ, “ಬಿಎ ಓದ್ಯಾರ, ಕತ್ತಲಕ್ಕ ಹೆದರತಾರ” ಎಂದರು, ಇನ್ನುಳಿದವರು ನಕ್ಕರು. ಆಮೇಲೆ ಬಂದ ಕಂಟೇನರಿನಿಂದ ಹಿಡಿದು ಇವತ್ತಿನವರೆಗೂ, ಬಾಗಿಲು ಮುಚ್ಚುವ ಹೊತ್ತಿಗೆ ಮಲ್ಲಾಬಾಯಿ ಒಳಗೇ ಉಳಿದಿರುತ್ತಾಳೆ. “ಮೂಲ್ಯಾಗ ಒಂದೀಟು ಕಸ ಉಳದದ” ಎನ್ನುತ್ತಾಳೆ. ಕತ್ತಲೆಯಲ್ಲಿ ಯಾರೂ ಕಸ ಹೊಡೆಯುವುದಿಲ್ಲ ಎಂದು ಇಬ್ಬರೂ ಒಮ್ಮೆಯೂ ಅಂದಿಲ್ಲ. ಹೊರಗೆ ಮೇಡಮ್ನೋರು, ಬಾಗಿಲು ಮುಚ್ಚಿದ ಕೂಡಲೇ ತಂಗಿ. ಅವಳ ಒರಟು ಕೈ ಹುಡುಕಿಕೊಂಡು ಬಂದು ಪಂಚಶೀಲಾಳ ಮಣಿಕಟ್ಟು ಹಿಡಿಯುತ್ತದೆ, ಕಬ್ಬಿಣ ಕಾದ ವಾಸನೆಯ ನಡುವೆ ಎಲೆಅಡಿಕೆಯ ವಾಸನೆ ಬರುತ್ತದೆ, ಉಸಿರು ತನ್ನ ಜಾಗಕ್ಕೆ ಇಳಿಯುತ್ತದೆ.

“ಚಿಕ್ಕಿ ಕಾಣಾಕತ್ತಾವೇನು ತಂಗಿ?” ತೂತಿನಿಂದ ಬರುವ ಬೆಳಕಿಗೆ ಮಲ್ಲಾಬಾಯಿ ಚಿಕ್ಕಿ, ನಕ್ಷತ್ರ, ಎನ್ನುತ್ತಾಳೆ.

“ಒಂದೂ ಇಲ್ಲ ಯಕ್ಕಾ.”

“ಹಂಗಾದ್ರ ಮಳಿ ಹತ್ತಂಗಿಲ್ಲ ಬಿಡು. ಎಷ್ಟ್ ದಿನದ ಹಾದಿ ಇದರದು?”

“ತಿಂಗಳ ಮ್ಯಾಲ ಆಗತದ. ಹಡಗ ಸಿಕ್ಕಂಗ.”

“ತಿಂಗಳಾನಗಟ್ಲೆ ಹಿಂಗ ಕತ್ತಲದಾಗ.” ಕೈ ಮಣಿಕಟ್ಟಿನ ಮೇಲೆ ಸುಮ್ಮನೆ ಇತ್ತು. “ಖಾಲಿ ಉಡೀಲೆ ಕಳಸ್ತೀರಿ ನೀವು.”

“ಖಾಲಿ ಎಲ್ಲಿ? ಮುಚ್ಚಾಕ ಬರಲಾರದಂಗ ಹತ್ತಿ ತುಂಬತೀವಲ್ಲ.”

“ಹತ್ತಿ ಹೊಟ್ಟಿಗಾತು. ಉಡಿಗೇನು?”

ಪಂಚಶೀಲಾ ನಕ್ಕಿದ್ದಳು. ಬಾಗಿಲು ತೆರೆದಾಗ ಬೆಳಕಿಗೆ ಕಣ್ಣು ಕಿವುಚಿಕೊಂಡೇ ನಗುತ್ತಿದ್ದಳು. ಮಲ್ಲಾಬಾಯಿ ನಗುತ್ತಿದ್ದಳೋ ಇಲ್ಲವೋ ನೋಡಿರಲಿಲ್ಲ. ನೋಡಲು ಮನಸ್ಸಾಗಿರಲಿಲ್ಲ, ಏಕೆಂದರೆ ಉಡಿ ಎಂದ ಕೂಡಲೇ ಇಬ್ಬರೂ ರಂಗಂಪೇಟೆಯ ಆ ಮನೆಯ ಅಡಿಗೆಖೋಲಿಯ ಬಾಗಿಲಿಗೆ ಹೋಗಿ ನಿಂತಿದ್ದರು. ಮಲ್ಲಾಬಾಯಿಯ ಮಗಳು ಚಂದ್ರಕಲಾಳ ಲಗ್ನ, ಮೈದುನನ ಮನೆಯಲ್ಲಿ, ಅವನ ಖರ್ಚಿನಲ್ಲಿ, ಅವನ ಹೆಂಡತಿಯ ಮಾತಿನಂತೆ. ಹೊರಡಿಸುವ ಹೊತ್ತಿಗೆ ಹುಡುಗಿಯನ್ನು ಮಣೆಯ ಮೇಲೆ ನಿಲ್ಲಿಸಿ ಮುತ್ತೈದೆಯರನ್ನು ಒಬ್ಬೊಬ್ಬರಾಗಿ ಕರೆದರು. ಹಸಿರು ಖಣ ಕೈಯಲ್ಲಿ ಹಿಡಿದು ಮುಂದೆ ಬಂದ ಮಲ್ಲಾಬಾಯಿಗೆ ಮೈದುನನ ಹೆಂಡತಿ, ಸಿಟ್ಟಿನಿಂದಲೂ ಅಲ್ಲ, ನೀರಿನ ಕೊಡ ಸರಿಸುವಷ್ಟು ಸಹಜವಾಗಿ, “ನೀ ಬ್ಯಾಡಕ್ಕ, ಹಿಂದ ಸರಿ. ರಂಡೆಮುಂಡೇರ ಕೈ ತಾಕಬಾರದು ಸೆರಗಿಗಿ” ಎಂದಳು. ಮಲ್ಲಾಬಾಯಿ ಹಿಂದೆ ಸರಿದು ಬಂದು ನಿಂತದ್ದು ಪಂಚಶೀಲಾಳ ಪಕ್ಕದಲ್ಲಿ. ಪಂಚಶೀಲಾ ಮೊದಲಿನಿಂದಲೂ ಅಲ್ಲಿಯೇ ಇದ್ದಳು. ಅವಳ ಕೊರಳಲ್ಲಿ ತಾಳಿಯಿತ್ತು, ಕೈತುಂಬ ಬಳೆಯಿದ್ದವು, ಓಣಿಯ ಎಲ್ಲ ಗರತಿಯರ ಹೆಸರು ಕರೆದಾಯಿತು, ಅವಳ ಹೆಸರನ್ನು ಯಾರೂ ಕರೆಯಲಿಲ್ಲ. ಮೊದಲೇ ಯಾರೋ ಊರು ಕೇಳಿ, ಅಪ್ಪನ ಹೆಸರು ಕೇಳಿ, ಓಣಿ ಯಾವುದೆಂದು ಕೇಳಿ, “ಹೌದೇನ್ರಿ” ಎಂದು ಸುಮ್ಮನಾಗಿದ್ದರು. ತನ್ನನ್ನು ಕರೆಯುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಕರೆದರೆ ಏನು ಮಾಡುವುದೆಂಬುದೂ ಗೊತ್ತಿರಲಿಲ್ಲ, ಅಪ್ಪನ ಮನೆಯಲ್ಲಿ ಬುದ್ಧನ ಮುಂದೆ ಮೇಣದಬತ್ತಿ ಹಚ್ಚಿ ಬೆಳೆದವಳು. ಆದರೆ ಮಲ್ಲಾಬಾಯಿ ಬಂದು ಪಕ್ಕದಲ್ಲಿ ನಿಂತಾಗ ಎದೆಯೊಳಗೆ ಏನೋ ಸಡಿಲವಾಯಿತು: ಹಿಂದೆ ನಿಂತವಳು ತಾನೊಬ್ಬಳೇ ಅಲ್ಲ. ಆ ಸಡಿಲವೇ ಆಮೇಲೆ ಅವಳನ್ನು ತಿಂದದ್ದು. ಮಲ್ಲಾಬಾಯಿ ಅವಳ ಮುಖ ನೋಡಿದಳು. ಪಂಚಶೀಲಾ ಫೋನು ತೆಗೆದು, ಏನೋ ಬಂದಿದೆ ಎನ್ನುವಂತೆ, ಏನೂ ಬರದ ಪರದೆಯನ್ನು ನೋಡುತ್ತ ನಿಂತಳು.

ಅಪ್ಪನೂ ಒಮ್ಮೆ ಹೀಗೆ ತಿರುಗಿ ನಿಂತದ್ದುಂಟು. ಅವಳ ಲಗ್ನದಲ್ಲಿ ಉಡಿಯಿಲ್ಲ, ಬಾಸಿಂಗವಿಲ್ಲ ಎಂದು ಅಪ್ಪ ಮೊದಲೇ ಹೇಳಿದ್ದ, ಹಾಗೆಯೇ ಆಯಿತು. ಆದರೆ ಬಸ್ಸು ಹೊರಡುವಾಗ ಅವ್ವ ಮೋನಮ್ಮ ಕಿಟಕಿಯಿಂದ ಕೈ ತೂರಿಸಿ ಅವಳ ಸೆರಗಿನ ತುದಿಗೆ ಹಿಡಿ ಅಕ್ಕಿ ಗಂಟು ಹಾಕಿದಳು. ಅಪ್ಪ ಅದನ್ನು ಕಂಡ. ಕಂಡು ಬೆಟ್ಟದ ಕಡೆ ಮುಖ ತಿರುಗಿಸಿ, ಬಸ್ಸು ಬಿಡುವವರೆಗೂ ಹಾಗೆಯೇ ನಿಂತ. ಅಪ್ಪ ತಿರುಗಿ ನಿಂತದ್ದು ಅವ್ವನಿಗೆ ಬಿಟ್ಟುಕೊಟ್ಟ ಜಾಗ. ತಾನು ಫೋನು ನೋಡಿದ್ದು ಏನು? ಇವತ್ತು ಬಾಗಿಲು ಮುಚ್ಚುವ ಮೊದಲೂ ಅದೇ ಆಯಿತಲ್ಲ. ಹಮಾಲರು ಕೊನೆಯ ಬೇಲು ತಳ್ಳಿ ನೀರು ಕುಡಿಯಲು ಹೋಗಿದ್ದರು. ಮಲ್ಲಾಬಾಯಿ ಸ್ಟೂಲಿನ ಮೇಲೆ ಹತ್ತಿ ನಿಂತಿದ್ದಳು, ಸೆರಗಿನ ಒಳಗೆ ಒಂದು ಕೈ. ತಿರುಗಿ ಪಂಚಶೀಲಾಳನ್ನು ನೋಡಿದಳು, ರಂಗಂಪೇಟೆಯಲ್ಲಿ ನೋಡಿದ ಹಾಗೆ. ಪಂಚಶೀಲಾ ಫೋನಿಗೆ ಕಣ್ಣು ಇಳಿಸಿದಳು. ಮತ್ತೆ ಎತ್ತಿದಾಗ ಸ್ಟೂಲು ಖಾಲಿ. ಫೋಟೋ ತೆಗೆದಳು, ಸರಿಯಾಗಿ ನೋಡದೆ. ಬಾಗಿಲು ಹಾಕಿಸಿದಳು.

“ಮೇಡಮ್, ಬೇಟಿ ತಯ್ಯಾರಾದಳೇನ್ರಿ?” ಕಿಟಕಿಯ ಹೊರಗೆ ಗಾಡಿಯ ಡ್ರೈವರ್ ಹಾಶಿಮ, ಹಲ್ಲಿಗೆ ಕಡ್ಡಿ ಹಾಕುತ್ತ. ತುಂಬಿದ ಕಂಟೇನರು ಅವನಿಗೆ ಗಂಡನ ಮನೆಗೆ ಹೊರಟ ಮಗಳು. “ನಂಬರ್ ಏರಸ್ರಿ, ಬಿದಾಯಿ ಮಾಡಿಬಿಡ್ರಿ. ಸೋಲಾಪುರಕ್ಕ ಊಟಕ್ಕ ಮುಟ್ಟಬೇಕು ನಾ.”

“ಸ್ವಲ್ಪ ತಡೀರಿ ಹಾಶಿಮಣ್ಣ. ನೆಟ್‌ವರ್ಕ್ ಇಲ್ಲ.”

ನೆಟ್‌ವರ್ಕ್ ಇತ್ತು. ಎದ್ದು ಬೇವಿನ ಗಿಡದ ಕಡೆ ನಡೆದಳು. ಹೆಣ್ಣಾಳುಗಳು ಉಂಡು ಎದ್ದಿದ್ದರು. ಮಲ್ಲಾಬಾಯಿ ಒಬ್ಬಳೇ ಬುತ್ತಿಯ ಅರಿವೆ ಝಾಡಿಸುತ್ತಿದ್ದಳು. “ಉಂಡ್ರೇನ್ರಿ ಮೇಡಮ್ನೋರ?” ಎಂದಳು, ಆಚೆ ಹಣಮಂತ್ರಾಯ ಫೋನಿನಲ್ಲಿ ಮಾತಾಡುತ್ತ ತಿರುಗಾಡುತ್ತಿದ್ದುದರಿಂದ. ಪಂಚಶೀಲಾ ಪಕ್ಕದಲ್ಲಿ ಕೂತು ದನಿ ತಗ್ಗಿಸಿದಳು.

“ಯಕ್ಕಾ, ಆ ಖಣ.”

ಮಲ್ಲಾಬಾಯಿ ಅರಿವೆಯನ್ನು ಮಡಚಿದಳು, ಮತ್ತೆ ಬಿಚ್ಚಿದಳು. “ಚಂದ್ರಕಲಾಗಂತ ತಂದದ್ದು. ಮನ್ಯಾಗ ಹಂಗ ಇತ್ತು. ನಾ ತೊಡೂ ಹಂಗಿಲ್ಲ, ಮತ್ತೊಬ್ಬರಿಗಿ ಕೊಡೂ ಹಂಗಿಲ್ಲ.”

“ಅದಕ್ಕ ಕಂಟೇನರಿಗಿ?”

“ನನ್ನ ಕೈ ತಾಕಿದ್ರ ಕೇಡಂತ. ಇರಬಹುದು ತಂಗಿ, ಹಿರೇರು ಅಂದದ್ದು. ಕಬ್ಬಿಣಕ್ಕೇನು ಕೇಡು? ಅದಕ್ಕ ಗಂಡಿಲ್ಲ, ಮಕ್ಕಳಿಲ್ಲ. ಅಷ್ಟ್ ದೂರ ಹೊಂಟಾದ. ಯಾರೂ ಬ್ಯಾಡ ಅನ್ನಂಗಿಲ್ಲ ಅಂತ...” ಅಲ್ಲಿಗೆ ನಿಲ್ಲಿಸಿ ಅವಳನ್ನು ನೋಡಿದಳು. “ನೀನೂ ನೋಡಿದೆಲ್ಲ. ಸುಮ್ಕಿದ್ದಿ. ನೀ ಹೂಂ ಅಂದಿ ಅಂತ ತಿಳದೆ ನಾ.”

ಪಂಚಶೀಲಾ ಮುಖ ತಿರುಗಿಸಿದ್ದು ಮಲ್ಲಾಬಾಯಿಗೆ ಹೂಂ ಎಂದು ಕೇಳಿಸಿತ್ತು. ಆ ಲಗ್ನದ ಮನೆಯಲ್ಲಿಯೂ ತನ್ನ ಫೋನಿನ ಹಿಂದೆ ಮಲ್ಲಾಬಾಯಿ ಏನೋ ಒಳ್ಳೆಯದನ್ನೇ ಕೇಳಿಸಿಕೊಂಡಿರಬೇಕು, ಇಲ್ಲದಿದ್ದರೆ ಅದಾದ ಮೇಲೂ ಕತ್ತಲೆಯಲ್ಲಿ ಕೈ ಹಿಡಿಯಲು ಬರುತ್ತಿರಲಿಲ್ಲ. ಇಷ್ಟು ದಿನ ತನಗೆ ಸಲ್ಲದ ವಿಶ್ವಾಸದ ಮೇಲೆ ಉಸಿರಾಡಿದೆ ಎನಿಸಿತು. “ಅದು ಸಿಗತದ ಯಕ್ಕಾ ಅಲ್ಲಿ. ಸಿಕ್ಕರ ನಿನ್ನ ಹೊರಗ ಹಾಕತಾರ,” ಎಂದಳು. ಮಲ್ಲಾಬಾಯಿಯ ಮುಖ ಈಗ ಸಣ್ಣದಾಯಿತು. “ಹಂಗಾದ್ರ ನಿನಗೂ?” ಎಂದಳು. ತನ್ನ ಕೆಲಸದ ಮಾತಿಗಿಂತ ಅದನ್ನೇ ಮೊದಲು ಕೇಳಿದಳು. ಪಂಚಶೀಲಾ ಎದ್ದು, ಕಾಲು ಹಿಂಜರಿಯುವ ಮೊದಲೇ ಜೋರಾಗಿ ನಡೆದು, ಹಣಮಂತ್ರಾಯನ ಮುಂದೆ ಹೋಗಿ ನಿಂತಳು.

“ಸರ, ಸೀಲ್ ಕತ್ತರಸಬೇಕ್ರಿ.”

ಹಣಮಂತ್ರಾಯ ಫೋನನ್ನು ಕಿವಿಯಿಂದ ತೆಗೆದ. “ಏನಂದ್ರಿ?”

“ಕಡೀ ಸಾಲು ನಾ ಸರಿಯಾಗಿ ನೋಡಿಲ್ರಿ. ಮ್ಯಾಲ ಏನೋ ಉಳದದ. ತಪ್ಪು ನಂದ. ನಂಬರ್ ಇನ್ನಾ ಏರಸಿಲ್ಲ.”

“ಏನುಳದದ ಒಳಗ, ನಿಮ್ಮ ತವರಮನಿ?” ಹಮಾಲರ ಕಡೆ ತಿರುಗಿ ಆ ಮಾತಿಗೆ ನಗು ಬರುವವರೆಗೆ ಕಾದ. “ದಿನಾ ನಾಕ್ನಾಕು ಸಲ ಜಗ್ಗಿ ನೋಡತೀರಿ, ಒಳಗಿನ ಸಾಮಾನು ನೋಡಾಕ ಮರೀತೀರಿ. ಓದಿದವರ ಹಣೇಬರಾ ಇಷ್ಟ ನೋಡು.” ಆದರೂ ಚೆಂಡುಹೂವಿನ ನೆನಪು ಅವನಿಗೂ ಇತ್ತು. “ತರ್ರೋ ಕಟರ್” ಎಂದ. ಅವಳ ಕಿವಿ ಬಿಸಿಯಾದವು. ಈ ನಗುವಿಗೇ ಹೆದರಿ ಎಷ್ಟು ವರ್ಷದಿಂದ ಎಷ್ಟನ್ನು ಎಳೆದು ನೋಡಿದ್ದಳೋ. ಈಗ ಅದು ಬಂದಿತು, ಬಂದು ಅಂಗಳದಲ್ಲಿ ಧೂಳಿನ ಹಾಗೆ ಇಳಿಯಿತು, ತಾನಿನ್ನೂ ನಿಂತೇ ಇದ್ದಳು. ಕಟರಿನ ಬಾಯಲ್ಲಿ ಉಕ್ಕು ಎರಡಾಯಿತು. ತುಂಡುಗಳನ್ನು ಎತ್ತಿ ಕಿತ್ತಳೆ ಬಣ್ಣದ ಜಾಕೀಟಿನ ಜೇಬಿಗೆ ಹಾಕಿಕೊಂಡಳು. ಬಾಗಿಲು ತೆರೆಯಿತು.

“ನಾ ಹತ್ತತೀನಿ,” ಎಂದಳು, ಮುಂದೆ ಬಂದ ಹಮಾಲನಿಗೆ. ಗಾಡಿಯ ಅಂಚಿಗೆ ಏರಿ, ಸ್ಟೂಲನ್ನು ಮೇಲೆ ತರಿಸಿಕೊಂಡು ಹತ್ತಿ, ಬೇಲಿನ ಮೇಲೆ ತೋಳು ಚಾಚಿದಳು. ಬೆರಳ ತುದಿಗೆ ಖಣ ಸಿಕ್ಕಿತು. ಎಳೆದಾಗ ಗಂಟು ಸಡಿಲಾಯಿತು. ಅಕ್ಕಿ ಸರಸರನೆ ಜಾರಿ ಬರತೊಡಗಿತು. ಒಂದು ಕಾಳೂ ಹತ್ತಿಯಲ್ಲಿ ಉಳಿಯಬಾರದು. ಯೋಚಿಸುವ ಮೊದಲೇ ಅವಳು ಜಾಕೀಟಿನೊಳಗಿಂದ ಸೆರಗನ್ನು ಎಳೆದು ಬೇಲಿನ ಅಂಚಿಗೆ ಒಡ್ಡಿದ್ದಳು. ಅಕ್ಕಿ ಬಿತ್ತು. ಕೊಬ್ಬರಿ ಬಟ್ಟಲು ಬಿತ್ತು. ಉತ್ತತ್ತಿ, ಅರಿಷಿಣದ ಬೇರು, ಕೊನೆಗೆ ಖಾಲಿಯಾದ ಖಣ. ಬೇಲಿನ ಮೇಲೆ ಅಂಗೈಯಾಡಿಸಿ ಉಳಿದ ಕಾಳುಗಳನ್ನು ಒಂದೊಂದಾಗಿ ಗುಡಿಸಿ ಸೆರಗಿಗೆ ಹಾಕಿಕೊಂಡಳು. ಭಾರವಾಗಿತ್ತು. ಒಬ್ಬ ಹೆಂಗಸು ಮನೆಯಿಂದ ಮಿಲ್ಲಿನವರೆಗೆ ಇಷ್ಟನ್ನು ಸೊಂಟದಲ್ಲಿ ಮರೆಮಾಡಿಕೊಂಡು ನಡೆದಿದ್ದಳು. ಫೋಟೋ ತೆಗೆದಳು, ಈಗ ಸರಿಯಾಗಿ ನೋಡಿ, ಬರೀ ಬಿಳಿ. ಎಡಗೈಯಲ್ಲಿ ಸೆರಗು ಹಿಡಿದು ಕೆಳಗೆ ಇಳಿದಳು.

“ಏನದು? ಸುರೀರಿ ಕೆಳಗ, ನೋಡೋಣ,” ಎಂದು ಮುಂದೆ ಬಂದ ಹಣಮಂತ್ರಾಯ, ಹಸಿರು ಬಟ್ಟೆಯ ಪಕ್ಕದ ಕೊಬ್ಬರಿ ನೋಡಿ ನಿಂತುಬಿಟ್ಟ. ತುಂಬಿದ ಉಡಿಯನ್ನು ನೆಲಕ್ಕೆ ಸುರಿ ಎಂದು ಅವನ ಬಾಯಿಂದ ಬಂದುಹೋಗಿತ್ತು. ಅವನ ಕಣ್ಣು ಮಲ್ಲಾಬಾಯಿಯ ಕಡೆ ಹೋಯಿತು, ತಿರುಗಿ ಬಂತು. “ಯಾರದಿದು?” ಎಂದ, ದನಿ ಇಳಿದಿತ್ತು.

“ನಂದ್ರಿ.”

“ನಿಮ್ದು ಹ್ಯಾಂಗಾಗತದ?”

“ಉಡಿಯಾಗ ಬಿದ್ದದ್ದು ಯಾರದಂತಾರ್ರಿ ಸರ, ನಿಮ್ಮ ಮನ್ಯಾಗ?”

ಅವನು ತಟ್ಟನೆ ತಿರುಗಿ, “ಏ ಹಾಶಿಮ, ಏನ್ ಬಾಯಿ ತಕ್ಕೊಂಡ್ ನೋಡತಿ, ಹಗ್ಗ ಬಿಗಿ ಮಾಡು” ಎಂದು ಕೂಗಿದ, ಬಿಗಿ ಮಾಡಲು ಹಗ್ಗವೇ ಇಲ್ಲದ ಗಾಡಿಯ ಮುಂದೆ. ಹೋಗುತ್ತ, ಯಾರ ಮುಖವನ್ನೂ ನೋಡದೆ, “ಕಡೀ ಸಲ ಇದು. ಹೇಳ್ರಿ ಹೇಳೋರಿಗೆ” ಎಂದ.

ಹಮಾಲರು ಬಾಗಿಲು ಮುಚ್ಚಿ ಅತ್ತ ಹೋದರು. ಮಲ್ಲಾಬಾಯಿ ಹತ್ತಿರ ಬಂದಳು, ತುಸು ದೂರದಲ್ಲಿಯೇ ನಿಂತಳು. ಅವಳ ಮುಖದಲ್ಲಿ ಇಷ್ಟು ಹೊತ್ತು ಇಲ್ಲದ ಹೆದರಿಕೆಯಿತ್ತು. “ತೆಗಿ ತಂಗಿ ಅದನ್ನ. ಕಟ್ಟಿಮ್ಯಾಲ ಇಡು. ನನ್ನ ಕೈಯಿಂದು ಅದು. ಮಾಸ್ತರಿಗಿ ಏನರ ಆದ್ರ...”

ಪಂಚಶೀಲಾಳಿಗೂ ಒಂದು ಗಳಿಗೆ ಹೆದರಿಕೆಯಾಯಿತು. ವಡಗೇರಾದ ರಸ್ತೆ, ಮೋಟರ್‌ಸೈಕಲ್ಲು, ಎದುರಿಗೆ ಬರುವ ಮರಳಿನ ಲಾರಿ, ಎಲ್ಲವೂ ಕಣ್ಣ ಮುಂದೆ ಬಂದವು. ಅವು ದಿನಾ ಬರುತ್ತವೆ, ಉಡಿ ಇಲ್ಲದೆಯೂ. ಅಪ್ಪ ಏನೆನ್ನುತ್ತಾನೆ ಎಂಬುದೂ ಬಂತು; ಅಪ್ಪ ಬಹುಶಃ ಬೆಟ್ಟದ ಕಡೆ ತಿರುಗುತ್ತಾನೆ. “ಕಬ್ಬಿಣಕ್ಕಿಲ್ಲದ ಕೇಡು ನನಗ್ಯಾಕ ಬರತದ ಯಕ್ಕಾ?” ಎಂದಳು. ದನಿ ಅಂದುಕೊಂಡಷ್ಟು ಗಟ್ಟಿ ಬರಲಿಲ್ಲ. “ಅವತ್ತು ರಂಗಂಪೇಟ್ಯಾಗ ನನ್ನೂ ಕರೀಲಿಲ್ಲ. ಫೋನ್ಯಾಗ ಏನೂ ಇರಲಿಲ್ಲ ಯಕ್ಕಾ. ಸುಮ್ಕ ನೋಡಿದೆ.”

“ಗೊತ್ತದ,” ಎಂದಳು ಮಲ್ಲಾಬಾಯಿ.

ಹೊಸ ಸೀಲು ಜಾಕೀಟಿನ ಇನ್ನೊಂದು ಜೇಬಿನಲ್ಲಿತ್ತು. ಎಡಗೈ ಸೆರಗು ಬಿಡುವಂತಿರಲಿಲ್ಲ. ಬಲಗೈಯಿಂದ ಮೊಳೆಯನ್ನು ಕೊಂಡಿಯ ತೂತಿಗೆ ಇಳಿಸಿ ಹಿಡಿದಳು. ಕೆಳಗಿನಿಂದ ಒತ್ತಲು ಮೂರನೆಯ ಕೈ ಬೇಕಿತ್ತು. ಸೀಲಿಗೆ ತನ್ನ ಕೈ ಬಿಟ್ಟು ಬೇರೆಯವರ ಕೈ ತಾಕಬಾರದೆಂದು ಬರೆದದ್ದು ಆಫೀಸಿನ ಗೋಡೆಯ ಮೇಲಿದೆ. ಅವಳು ಮಲ್ಲಾಬಾಯಿಯ ಕಡೆ ನೋಡಿದಳು, ಕಣ್ಣು ಇಳಿಸದೆ. ಮಲ್ಲಾಬಾಯಿ ಅಂಗೈಯನ್ನು ಸೀರೆಗೆ ಒರೆಸಿಕೊಂಡು, ಸೀಲಿನ ಟೊಪ್ಪಿಗೆಯನ್ನು ಅದರಲ್ಲಿ ಇಟ್ಟುಕೊಂಡು, ಮೇಲಕ್ಕೆ ಒತ್ತಿದಳು.

ಟಕ್.

ಜಗ್ಗಿ ನೋಡಲು ಪಂಚಶೀಲಾಳಿಗೆ ಕೈ ಖಾಲಿ ಇರಲಿಲ್ಲ; ಈಗ ಎರಡೂ ಕೈ ಉಡಿಯ ಕೆಳಗಿದ್ದವು. ಮಲ್ಲಾಬಾಯಿಯೇ ಜಗ್ಗಿ ನೋಡಿದಳು. ತಿರುವಿ ನೋಡಿದಳು. ಆಫೀಸಿನ ಕಡೆ ನಾಲ್ಕು ಹೆಜ್ಜೆ ಹೋದವಳು, ದಿನಾ ಕಂಡವಳಂತೆ, ಮರಳಿ ಬಂದು ಮತ್ತೊಮ್ಮೆ ಜಗ್ಗಿದಳು.

“ಕುಂತದ ತಂಗಿ,” ಎಂದಳು. “ನಡಿ, ಹೊತ್ಕೊಂಡ್ ನಿಂದ್ರಬ್ಯಾಡ. ಉಡಿ ತುಂಬಿದ ಮ್ಯಾಲ ಮನೀಗಿ ಹೋಗಬೇಕು.”